ನಲವತ್ತಮೂರು ಜನ ನೋಡುತ್ತಿರುವ ತೊಟ್ಟಿಲು

ಕಾಶಿನಾಥನ ಪ್ರಕಾರ ಮನುಷ್ಯನ ತಲೆಯೊಳಗೆ ಇರುವುದು ಮೆದುಳಲ್ಲ, ಸ್ವಿಚ್ ಬೋರ್ಡು. ಯಾವ ಸ್ವಿಚ್ ಒತ್ತಿದರೆ ಯಾವ ಬಲ್ಬು ಹತ್ತುತ್ತದೆ ಅಂತ ಗೊತ್ತಿದ್ದವನು ಬೋಳುತಲೆಯವನಿಗೂ ಬಾಚಣಿಗೆ ಮಾರಬಲ್ಲ ಎಂದು ಅವನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವನದ್ದೇ ತಲೆ ಬೋಳು, ಅವನ ಅಂಗಿಯ ಜೇಬಿನಲ್ಲೇ ಯಾವಾಗಲೂ ಒಂದು ಬಾಚಣಿಗೆ. ಅದನ್ನು ಅವನಿಗೆ ಮಾರಿದ ಪುಣ್ಯಾತ್ಮ ಯಾರು ಎಂದು ಕೇಳುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ.

ಆಫೀಸು ಅಂದರೆ ಏನು ಮಹಾ, ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿ. ಕೆಳಗೆ ಬನ್ನು ಬೇಯುವ ವಾಸನೆ, ಮೇಲೆ ಕಂಪ್ಯೂಟರಿನ ಮುಂದೆ ಒಂಬತ್ತು ಜನ. ಸಣ್ಣಪುಟ್ಟ ವ್ಯಾಪಾರಿಗಳ ಸಾಮಾನನ್ನು ಇಂಟರ್ನೆಟ್ಟಿನಲ್ಲಿ ಮಾರಿಸಿಕೊಡುವುದು ಕಾಶಿನಾಥನ ಕಂಪನಿಯ ಕಸುಬು. ಆ ಸಾಮಾನಿನ ಬಗ್ಗೆ ಓದಿದವರು ಮರುಳಾಗುವ ಹಾಗೆ ನಾಲ್ಕು ಮಾತು ಬರೆಯುವುದು ವನಿತಾಳ ಕಸುಬು. ‘ಇನ್ನು ಎರಡೇ ಉಳಿದಿವೆ’ ಎಂದು ಅವಳು ಬರೆದರೆ, ಗೋಡೌನಿನಲ್ಲಿ ರಾಶಿ ಬಿದ್ದಿದ್ದರೂ ಓದಿದವರ ಎದೆ ಧಸಕ್ ಎನ್ನಬೇಕು. ‘ನಿಮ್ಮ ಬೀದಿಯವರು ಆಗಲೇ ಕೊಂಡರು’ ಎಂದರೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳಬೇಕು. ಶೆಟ್ಟಿಹಳ್ಳಿಯ ಹುಡುಗಿ, ಮಾತಿಗೇನು ಬರ? ಸೊಳ್ಳೆಪರದೆಯಿಂದ ಹಿಡಿದು ಮಂಡಿನೋವಿನ ಎಣ್ಣೆಯವರೆಗೆ ಎಲ್ಲವನ್ನೂ ಮಾರಿ ಬಿಸಾಕಿದ್ದಳು.

ಇಷ್ಟೆಲ್ಲಾ ದುಡಿದರೂ ಎರಡು ವರ್ಷದಿಂದ ಅವಳಿನ್ನೂ ಪ್ರೊಬೇಷನ್ನಿನಲ್ಲೇ ಇದ್ದಳು. ಕೆಲಸ ಖಾಯಂ ಮಾಡುವ ಪತ್ರ ಕೇಳಿದಾಗಲೆಲ್ಲಾ ಕಾಶಿನಾಥ “ಮುಂದಿನ ತಿಂಗಳು ಕಣಮ್ಮಾ” ಎಂದು ಮೂಗಿಗೆ ತುಪ್ಪ ಸವರುತ್ತಿದ್ದ. ಮೊದಲೆಲ್ಲಾ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ 2017ರ ಆ ಶ್ರಾವಣದಲ್ಲಿ ಸುಮ್ಮನಿರುವ ಹಾಗಿರಲಿಲ್ಲ. ವನಿತಾ ಬಸುರಿಯಾಗಿದ್ದಳು.

ವಿಷಯ ಗೊತ್ತಿದ್ದದ್ದು ಗಂಡ ನಂದಕುಮಾರನಿಗೆ, ತಾಯಿ ಮುನಿಯಲ್ಲಮ್ಮನಿಗೆ ಮತ್ತು ಡಾಕ್ಟರಿಗೆ. “ಮೂರು ತಿಂಗ್ಳು ತುಂಬೋವರ್ಗೂ ಹೊರಗಡೆ ಬಾಯ್ ಬಿಟ್ಟೀಯಾ ಹುಷಾರು, ಕಣ್ ಬೀಳ್ತದೆ” ಎಂದು ಮುನಿಯಲ್ಲಮ್ಮ ಕಟ್ಟಪ್ಪಣೆ ಮಾಡಿದ್ದಳು. ವನಿತಾಳಿಗೆ ಕಣ್ಣಿನ ಭಯಕ್ಕಿಂತ ಕಾಶಿನಾಥನ ಭಯ ದೊಡ್ಡದಾಗಿತ್ತು. ಹಿಂದಿನ ವರ್ಷ ಇದೇ ಆಫೀಸಿನ ಆಶಾರಾಣಿ ಖುಷಿಯಿಂದ ಸಿಹಿ ಹಂಚಿದಳು; ತಿಂಗಳು ತುಂಬುವುದರೊಳಗೆ “ಪಾಪ, ಮನೇಲಿ ರೆಸ್ಟ್ ತಗೊಳಮ್ಮಾ” ಎಂದು ಕಾಶಿನಾಥ ಅವಳನ್ನು ಮನೆಗೇ ಕಳಿಸಿಬಿಟ್ಟ. ಈ ವರ್ಷ ಸರ್ಕಾರ ಹೆರಿಗೆ ರಜೆಯನ್ನು ಇಪ್ಪತ್ತಾರು ವಾರಕ್ಕೆ ಏರಿಸಿದ ಸುದ್ದಿ ಪೇಪರಿನಲ್ಲಿ ಬಂದಾಗ ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಓದಿದ್ದ. ಹತ್ತು ಜನ ಕೆಲಸಕ್ಕಿದ್ದರೆ ಮಾತ್ರ ಆ ಕಾನೂನು, ತನ್ನಲ್ಲಿರುವುದು ಒಂಬತ್ತು. ಎಂಥಾ ಲೆಕ್ಕಾಚಾರ ನೋಡಿ! ವನಿತಾಳಿಗೆ ಈ ಬರೆಯುವ ಕೆಲಸ ಅಂದರೆ ಪ್ರಾಣ. ಅದು ಒಮ್ಮೆ ಕೈಬಿಟ್ಟರೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೋದವಳಿಗೆ ಮತ್ತೆ ಕೊಡುವವರು ಯಾರು? ಹೊಟ್ಟೆ ಕಾಣುವ ಮೊದಲು ಪತ್ರ ಕೈಗೆ ಬರಬೇಕಿತ್ತು.

ಆ ಹೊತ್ತಿಗೆ ಸರಿಯಾಗಿ ಯಶವಂತಪುರದ ತಾಜುದ್ದೀನ್ ಸಾಹೇಬರು ಬಂದರು. ಮೂರು ತಲೆಮಾರಿನಿಂದ ಮರದ ತೊಟ್ಟಿಲು ಮಾಡುವ ಮನೆತನ. ನಾಲ್ಕು ಮೂಲೆಗೂ ಗಿಳಿ, ತೂಗಿದರೆ ಸಣ್ಣಗೆ ಗಲಗಲ ಎನ್ನುವ ಗಿಲಕಿ. ಈಗಿನವರು ಪ್ಲಾಸ್ಟಿಕ್ಕಿನದಕ್ಕೆ ಮುಗಿಬೀಳುತ್ತಾರೆ, ಹೇಗಾದರೂ ಮಾಡಿ ಇಂಟರ್ನೆಟ್ಟಿನಲ್ಲಿ ಮಾರಿಸಿಕೊಡಿ ಎಂದು ಕೇಳಿಕೊಂಡರು. ಅವರು ಮೆಟ್ಟಿಲಿಳಿದು ಹೋಗುತ್ತಿದ್ದಂತೆ ಕಾಶಿನಾಥ ವನಿತಾಳ ಕಡೆ ತಿರುಗಿದ.

“ಆಯುಧ ಪೂಜೆ ಒಳಗೆ ಈ ತೊಟ್ಟಿಲು ಓಡಿಸ್ಬಿಡು. ಪೂಜೆ ದಿನ ನಿನ್ನ ಪತ್ರ ಟೇಬಲ್ ಮೇಲಿರುತ್ತೆ. ಪ್ರಾಮಿಸ್.”

ಆಯುಧ ಪೂಜೆ ಹೊತ್ತಿಗೆ ಮೂರು ತಿಂಗಳೂ ತುಂಬುತ್ತಿತ್ತು. ದೇವರೇ ದಿನ ಗೊತ್ತುಮಾಡಿದ ಹಾಗಿತ್ತು. ವನಿತಾ ಸೊಂಟಕಟ್ಟಿ ನಿಂತಳು.

ಪುಟ ತಯಾರಾಯಿತು. ಕಂಪ್ಯೂಟರ್ ಕೆಲಸದ ಜೀಷಾನ್ ತೊಟ್ಟಿಲನ್ನು ಎಲ್ಲಾ ಕಡೆಯಿಂದ ಫೋಟೋ ತೆಗೆದು ಹಾಕಿದ. ವನಿತಾ ಗಿಳಿಗಳ ಬಗ್ಗೆ ಓದಿದವರ ಬಾಯಲ್ಲಿ ನೀರೂರುವಂತೆ ಬರೆದಳು. ಕಾಶಿನಾಥ ಮಾತ್ರ ತನ್ನ ಸ್ವಿಚ್ಚುಗಳನ್ನು ಒಂದೂ ಬಿಡಬಾರದೆಂದು ಹಟ ಹಿಡಿದ. ಮೇಲೆ ಟಿಕಟಿಕ ಓಡುವ ಗಡಿಯಾರ. ‘ಹೆರಿಗೆಗೆ ಮುಂಚೆಯೇ ಬುಕ್ ಮಾಡಿದರೆ ರಿಯಾಯಿತಿ’ ಎಂಬ ಪಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ, ತೊಟ್ಟಿಲಿನ ಪಕ್ಕದಲ್ಲೇ ಪಿಳಿಪಿಳಿ ಬಡಿಯುವ ಒಂದು ಕಣ್ಣಿನ ಚಿತ್ರ. ಅದರ ಕೆಳಗೆ, ‘ಈಗ 43 ಜನ ಈ ತೊಟ್ಟಿಲನ್ನು ನೋಡುತ್ತಿದ್ದಾರೆ.’

“ಯಾರು ಸಾರ್ ನಲವತ್ಮೂರು ಜನ?” ಎಂದಳು ವನಿತಾ.

“ಯಾರಾದ್ರೂ ಆಗ್ಲಿ. ಜೀಷಾನ್ ಹಾಕ್ತಾನೆ, ನಂಬರ್ ಹಿಂದೆ ಮುಂದೆ ಆಗ್ತಿರುತ್ತೆ. ನಾಲ್ಕು ಜನ ನೋಡ್ತಿರೋದನ್ನೇ ಕಣಮ್ಮಾ ಐದನೇವ್ನು ನೋಡೋದು. ಮನುಷ್ಯ ಕುರಿ.”

ವನಿತಾ ಸರಿ ಎಂದಳು. ಮಂಡಿನೋವಿನ ಎಣ್ಣೆಗೆ ಇದೇ ಕಣ್ಣು ಚೆನ್ನಾಗಿ ಕೆಲಸ ಮಾಡಿತ್ತು.

ಜನ ಬಂದರು. ದಂಡುದಂಡಾಗಿ ಬಂದರು. ಬಂದವರು ಬಂದಷ್ಟೇ ವೇಗದಲ್ಲಿ ಓಡಿಹೋದರು. ಒಂದೇ ಒಂದು ತೊಟ್ಟಿಲು ಹೋಗಲಿಲ್ಲ. ಕಾಶಿನಾಥ ತಲೆ ಕೆರೆದುಕೊಂಡು “ನಂಬರ್ ಸಾಲ್ದು, ನಾನೂರ ಮೂವತ್ತು ಮಾಡು” ಎಂದ. ಜೀಷಾನ್ ಮಾಡಿದ. ಜನ ಇನ್ನೂ ಬೇಗ ಓಡಿಹೋದರು. ಮತ್ತೆ ನಲವತ್ತಮೂರಕ್ಕೆ ಇಳಿಸಿದರು. ಶ್ರಾವಣ ಮುಗಿದು ಭಾದ್ರಪದ ಬಂತು, ಗಣೇಶನನ್ನೂ ನೀರಿಗೆ ಬಿಟ್ಟಾಯಿತು, ತೊಟ್ಟಿಲುಗಳು ಮಾತ್ರ ಯಶವಂತಪುರದಿಂದ ಅಲ್ಲಾಡಲಿಲ್ಲ. ವನಿತಾ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡಿ, ಮುಖ ತೊಳೆದುಕೊಂಡು ಬಂದು, ಏನೂ ಆಗದವಳಂತೆ ಕೂತು ಬರೆಯುತ್ತಿದ್ದಳು. ಕೆಳಗಿನ ಬನ್ನಿನ ವಾಸನೆ ಅವಳ ಪ್ರಾಣ ತಿನ್ನುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಫೋನ್ ಬಂತು. ಹುಣಸಮಾರನಹಳ್ಳಿಯ ರಾಮಲಕ್ಷ್ಮಮ್ಮನಂತೆ. ದನಿ ಕೇಳಿದರೆ ಫೋನೇ ಬೇಕಿರಲಿಲ್ಲ, ಹಾಗೇ ಕೂಗಿದರೂ ಆರ್.ಟಿ. ನಗರಕ್ಕೆ ಕೇಳಿಸುತ್ತಿತ್ತು.

“ಅಲ್ಲ ಕಣವ್ವಾ, ನಮ್ ಮಗ್ಳಿಗೆ ಗಂಡು ಮಗ ಆಗೈತೆ. ತೊಟ್ಲು ಕೊಡ್ಸಾನ ಅಂತ ಅಳಿಯನ ಫೋನ್ನಾಗೆ ನೋಡಿದ್ರೆ, ನಲವತ್ಮೂರು ಜನ ಕಣ್ ಬಿಟ್ಕಂಡು ನೋಡ್ತಾವ್ರೆ ಅಂತ ಬರ್ದಿದೀರಲ್ಲ! ಇಂಗೆ ಯಾರಾನಾ ಬರೀತಾರಾ? ನಾವು ಮಗೀಗೆ ತೊಟ್ಲು ತಗಬೇಕಾ, ಊರೋರ ಕಣ್ ತಗಬೇಕಾ?”

“ಅಮ್ಮಾ, ಅದು ಸುಮ್ನೆ…”

“ಏನ್ ಸುಮ್ಕೆ? ನರದಿಷ್ಟಿಗೆ ಮರಾನೇ ಸಿಡೀತಂತೆ, ಅಸುಗೂಸು ತಡ್ಕತದಾ? ಗಿಳಿ ಚೆಂದಾಗವೆ, ನಂಗೆ ಆ ತೊಟ್ಲೇ ಬೇಕು. ನೀನೊಂದು ಕೆಲ್ಸ ಮಾಡು. ಆ ನಲವತ್ಮೂರು ಜನದ ಕಾಲ್ ದೂಳಾದ್ರೂ ತರ್ಸ್ಕೊಡು, ನೀವಾಳ್ಸಿ ಬೆಂಕಿಗಾಕಿ ಆಮ್ಯಾಕೆ ತಗತೀನಿ.”

ಅಯ್ಯೋ ಶಿವನೇ! ಜೀಷಾನನ ಕಂಪ್ಯೂಟರ್ ಹುಟ್ಟಿಸಿದ ಜನಕ್ಕೆ ಕಾಲೆಲ್ಲಿಂದ ಬರಬೇಕು, ಧೂಳೆಲ್ಲಿಂದ ತರಬೇಕು? ವನಿತಾ ಹೂಂ ಹೂಂ ಎಂದು ಫೋನಿಟ್ಟಳು. ಮೊದಲು ನಗು ಉಕ್ಕಿಬಂತು. ಆಮೇಲೆ ತನ್ನ ಹಣೆ ತಾನೇ ಬಡಿದುಕೊಂಡಳು. ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಒಂದು ಕಣ್ಣೂ ಬೀಳದಿರಲಿ ಎಂದು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡವಳು, ಊರವರ ಕೂಸಿನ ತೊಟ್ಟಿಲ ಪಕ್ಕದಲ್ಲಿ ಕಣ್ಣು ಬಡಿಯುವ ಚಿತ್ರ ಅಂಟಿಸಿ ಕೂತಿದ್ದಾಳೆ. ಹುಟ್ಟುವ ಮೊದಲೇ ಬುಕ್ ಮಾಡಿ ಅಂತ ಬೇರೆ! ಹುಟ್ಟದ ಮಗುವಿಗೆ ತೊಟ್ಟಿಲು ತಂದಿಟ್ಟರೆ ಮುನಿಯಲ್ಲಮ್ಮ ಪೊರಕೆ ಹಿಡಿದು ಬರುತ್ತಾಳೆ ಅನ್ನುವುದು ಗೊತ್ತಿಲ್ಲದವಳೇ ಇವಳು? ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವಳಿಗೆ ನಿಜವಾಗಿ ನಾಚಿಕೆಯಾಯಿತು.

ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ. ಅದರ ಹಿಂದೆಯೇ ತುಂಟ ಬುದ್ಧಿಯೊಂದು ಇಣುಕಿತು. ಅವಳು ನೇರವಾಗಿ ಕಾಶಿನಾಥನ ಮೇಜಿನ ಮುಂದೆ ಹೋಗಿ ನಿಂತಳು.

“ಸಾರ್, ತೊಟ್ಟಿಲಿನ ಫೋಟೋ ಎಲ್ಲಾ ತೆಗೆದುಬಿಡೋಣ. ಬಟ್ಟೆ ಮುಚ್ಚಿರೋ ತೊಟ್ಟಿಲು ಒಂದೇ ಒಂದು ಹಾಕೋಣ.”

“ತಲೆ ಕೆಟ್ಟಿದೆಯಾ? ಅಂಗಡಿ ಬಾಗಿಲು ಹಾಕ್ಕೊಂಡು ವ್ಯಾಪಾರ ಮಾಡ್ತಾರೇನೇ?”

“ಬಾಗಿಲು ಅಂದ್ರಲ್ಲ, ನಮ್ಮ ಬಾಗಿಲಿಗೆ ಬೂದುಗುಂಬಳ ಯಾಕೆ ಕಟ್ಸಿದೀರಾ ಸಾರ್?”

ಕಾಶಿನಾಥ ಬಾಗಿಲ ಮೇಲೆ ತೂಗುತ್ತಿದ್ದ, ಕೆಂಪು ನಾಲಿಗೆ ಬರೆದ ಕುಂಬಳಕಾಯಿಯನ್ನು ನೋಡಿದ. ಕೆಮ್ಮಿದ. ಜೇಬಿನಿಂದ ಬಾಚಣಿಗೆ ತೆಗೆದು ಮತ್ತೆ ಒಳಗಿಟ್ಟ.

“ಅದು ಬೇರೆ ವಿಷಯ ಕಣಮ್ಮಾ… ಆಯ್ತು, ಏನಾದ್ರೂ ಮಾಡ್ಕೋ. ಮಾರಿಲ್ಲ ಅಂದ್ರೆ ಪತ್ರದ ಮಾತು ಎತ್ತಬೇಡ.”

ಕಾಶಿನಾಥನನ್ನು ಒಪ್ಪಿಸಿದಷ್ಟು ಸುಲಭವಾಗಿ ತಾಜುದ್ದೀನ್ ಸಾಹೇಬರು ಒಪ್ಪಲಿಲ್ಲ. ಯಶವಂತಪುರದ ಅವರ ಕಾರ್ಖಾನೆಯಲ್ಲಿ ಮರದ ಹೊಟ್ಟಿನ ನಡುವೆ ನಿಂತು ವನಿತಾ ವಿಷಯ ಹೇಳುತ್ತಿದ್ದಂತೆ ಅವರ ಗಡ್ಡ ನಡುಗಿತು.

“ಏನ್ ಬೇಟಿ ಇದು? ಈ ಗಿಳಿ ಕೆತ್ತಿ ಕೆತ್ತಿ ನನ್ನ ಕಣ್ಣು ಮಂಜಾಯ್ತು. ನೀವು ಅದಕ್ಕೇ ಮುಸುಕು ಹಾಕ್ತೀನಿ ಅಂತೀರಾ?”

ವನಿತಾ ವಾದ ಮಾಡಲಿಲ್ಲ. “ಸಾಹೇಬ್ರೇ, ನಿಮ್ಮ ಮನೇಲಿ ಮಗು ಹುಟ್ಟಿದಾಗ ಮೊದಲು ಯಾರ್ಯಾರಿಗೆ ತೋರಿಸಿದ್ರಿ?” ಎಂದಷ್ಟೇ ಕೇಳಿದಳು.

ಸಾಹೇಬರು ಬಾಯಿ ತೆರೆಯುವ ಮೊದಲೇ ಒಳಗಿನ ಪರದೆಯ ಹಿಂದಿನಿಂದ ಅವರ ಹೆಂಡತಿ ಮಲ್ಕಾ ಬೀಬಿಯ ನಗು ಕೇಳಿಸಿತು. “ಇವರಾ? ಸ್ವಂತ ತಂಗೀನೇ ಬಾಗಿಲಲ್ಲಿ ನಿಲ್ಸಿದ್ರಮ್ಮಾ. ನಜರ್ ಬೀಳುತ್ತೆ ಅಂತ ಮಗಳ ಕೆನ್ನೆಗೆ ಎಷ್ಟು ಕಾಡಿಗೆ ಹಚ್ಚಿದ್ರು ಅಂದ್ರೆ, ಮಗು ಯಾವ್ದು ಕಾಡಿಗೆ ಯಾವ್ದು ಗೊತ್ತಾಗ್ತಿರ್ಲಿಲ್ಲ!”

ಸಾಹೇಬರ ಮುಖ ಕೆಂಪಾಯಿತು. ಗಡ್ಡ ನೀವಿಕೊಂಡು, ತಾವೇ ಹೋಗಿ ಬಿಳಿ ಮಲ್ಲು ಬಟ್ಟೆ ತಂದು ತೊಟ್ಟಿಲಿಗೆ ಹೊದಿಸಿದರು. ಹೊದಿಸುವಾಗ ಗಿಳಿಯ ಕೊಕ್ಕು ಮುರಿಯದ ಹಾಗೆ ಬಟ್ಟೆಯನ್ನು ಸಡಿಲ ಬಿಟ್ಟರು.

ಹೊಸ ಪುಟದಲ್ಲಿ ಗಡಿಯಾರವಿರಲಿಲ್ಲ, ರಿಯಾಯಿತಿ ಇರಲಿಲ್ಲ, ಕಣ್ಣಂತೂ ಇರಲೇ ಇಲ್ಲ. ಮುಚ್ಚಿದ ತೊಟ್ಟಿಲು, ಅದರ ಕೆಳಗೆ ವನಿತಾ ಬರೆದ ಮಾತು: ‘ಈ ತೊಟ್ಟಿಲನ್ನು ಇಲ್ಲಿ ತೋರಿಸುವುದಿಲ್ಲ. ಇದರ ಮೇಲೆ ಬೀಳುವ ಮೊದಲ ಕಣ್ಣು ನಿಮ್ಮ ಮನೆಯದ್ದೇ ಆಗಿರಲಿ. ನಾಲ್ಕು ಮೂಲೆಗೆ ಗಿಳಿಗಳಿವೆ ಎಂದಷ್ಟೇ ಹೇಳಬಲ್ಲೆವು. ಮಗು ಹುಟ್ಟುವ ಮುಂಚೆ ಫೋನ್ ಮಾಡಬೇಡಿ, ಮಾರುವುದಿಲ್ಲ. ಹುಟ್ಟಿದ ಮೇಲೆ ಮಾಡಿ. ಹೆಸರಿಡುವ ಶಾಸ್ತ್ರಕ್ಕೆ ಮೊದಲು ಮುಚ್ಚಿದ ಬಟ್ಟೆಯಲ್ಲೇ ನಿಮ್ಮ ಬಾಗಿಲಿಗೆ ಬರುತ್ತದೆ.’

ಮಾರುವುದಿಲ್ಲ ಎಂದಿದ್ದೇ ತಡ, ಜನ ಮುಗಿಬಿದ್ದರು ನೋಡಿ! ಮೊದಲ ತೊಟ್ಟಿಲು ಹುಣಸಮಾರನಹಳ್ಳಿಗೇ ಹೋಯಿತು. ರಾಮಲಕ್ಷ್ಮಮ್ಮ ಅಕ್ಕಪಕ್ಕದ ಊರಿಗೆಲ್ಲಾ ಡಂಗುರ ಸಾರಿದಳು. ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಂದಿರು ಸಿಹಿ ತರುವ ಮೊದಲು ವನಿತಾಳಿಗೆ ಫೋನ್ ಮಾಡತೊಡಗಿದರು. ಹೆಂಡತಿಗೆ ಒಂಬತ್ತು ತಿಂಗಳು ಅಂತ ಯಲಹಂಕದ ಒಬ್ಬ ಪ್ರಾಣಿ ಗೋಗರೆದ: “ಮೇಡಂ, ಡಬಲ್ ಕೊಡ್ತೀನಿ, ಒಂದು ಎತ್ತಿಡಿ.” ವನಿತಾ ಕಟ್ಟುನಿಟ್ಟಾಗಿ ಹೇಳಿದಳು, “ಆಗಲ್ಲ ಸಾರ್, ಆಗೋದೆಲ್ಲಾ ಒಳ್ಳೇದಾಗ್ಲಿ, ಆಮೇಲೆ ಮಾಡಿ.” ಆ ಮನುಷ್ಯ ಮಗು ಹುಟ್ಟಿದ ಗಳಿಗೆಯಲ್ಲೇ ಮತ್ತೆ ಫೋನ್ ಮಾಡಿದ. ತಾಜುದ್ದೀನ್ ಸಾಹೇಬರು ಕೆತ್ತನೆಗೆ ಇನ್ನೂ ಇಬ್ಬರನ್ನು ಸೇರಿಸಿಕೊಂಡರು.

ನವರಾತ್ರಿ ಬಂತು. ಆಯುಧ ಪೂಜೆಯ ಹಿಂದಿನ ದಿನ ವನಿತಾ ಮೆಲ್ಲಗೆ ಕೇಳಿದಳು. “ಸಾರ್, ನಾಳೆ ಪತ್ರ?”

ಕಾಶಿನಾಥ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ದೀಪಾವಳಿ ಆಗ್ಲಿ ಕಣಮ್ಮಾ. ಅರ್ಜೆಂಟೇನು?”

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. ದೀಪಾವಳಿ ಹೊತ್ತಿಗೆ ಚೂಡಿದಾರದ ಮೇಲೇ ಎಲ್ಲಾ ಕಾಣುತ್ತದೆ. ಪತ್ರವೂ ಇಲ್ಲ, ಕೆಲಸವೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ ಪಾಪಿ! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಳು ಮುಗಿದು ನಲ್ಲಿ ನಿಲ್ಲಿಸಿದಾಗ ಹೊರಗೆ ಕಾಶಿನಾಥ ಫೋನಿನಲ್ಲಿ ಯಾರೊಂದಿಗೋ ಜಂಬ ಕೊಚ್ಚುವುದು ಕೇಳಿಸಿತು. “ಮುಸುಕು ಹಾಕೋ ಐಡಿಯಾನಾ? ನಂದೇ ಗುರು. ಅಯ್ಯೋ, ಅಷ್ಟೆಲ್ಲಾ ಹೊಗಳಬೇಡಿ… ಹೇಳಿ, ಹೇಳಿ.”

ವನಿತಾ ಬಾಗಿಲ ಸಂದಿನಿಂದ ನೋಡಿದಳು. ಹೊಗಳಿಕೆ ಕಿವಿಗೆ ಬೀಳುತ್ತಿದ್ದಂತೆ ಆ ಮನುಷ್ಯ ಕುರ್ಚಿಯಲ್ಲಿ ಎರಡಿಂಚು ಮೇಲೇರಿದ್ದ. ಮುಖ ಹೋಳಿಗೆಯಂತೆ ಅರಳಿತ್ತು. ಊರವರ ಸ್ವಿಚ್ಚೆಲ್ಲಾ ಹುಡುಕುವವನ ಸ್ವಿಚ್ಚು ಇಷ್ಟು ದಿನ ಕಣ್ಣೆದುರಿಗೇ ಇತ್ತಲ್ಲ ಎನಿಸಿತು ಅವಳಿಗೆ.

ಮರುದಿನ ಕಂಪ್ಯೂಟರುಗಳಿಗೆಲ್ಲಾ ಕುಂಕುಮ, ಚೆಂಡುಹೂವು. ಮಹಡಿಯ ತುಂಬ ಗ್ರಾಹಕರು. ತಾಜುದ್ದೀನ್ ಸಾಹೇಬರು ದೊಡ್ಡ ಸಿಹಿ ಡಬ್ಬ ಹಿಡಿದು ಬಂದಿದ್ದರು. ಮಂಗಳಾರತಿ ಆಯಿತು. ಕಾಶಿನಾಥ ರೇಷ್ಮೆ ಪಂಚೆಯಲ್ಲಿ ಎಲ್ಲರಿಗೂ ಕಡಲೆಪುರಿ ಹಂಚಲು ಎದ್ದ. ಅಷ್ಟರಲ್ಲಿ ವನಿತಾ ಮುಂದೆ ಬಂದು ಕೈಮುಗಿದಳು. ದನಿಯಲ್ಲಿ ಸಕ್ಕರೆ.

“ಎಲ್ಲರೂ ಒಂದು ನಿಮಿಷ. ನಮ್ಮ ಸಾರ್ ತಮ್ಮ ಬಗ್ಗೆ ತಾವು ಯಾವತ್ತೂ ಹೇಳ್ಕೊಳ್ಳಲ್ಲ, ಅದಕ್ಕೇ ನಾನು ಹೇಳ್ಬೇಕು. ನಾನು ತಾಯಿ ಆಗ್ತಾ ಇದೀನಿ.”

ಕಾಶಿನಾಥನ ಕೈಯ ಕಡಲೆಪುರಿ ಗಾಳಿಯಲ್ಲೇ ನಿಂತಿತು.

“ಬೇರೆ ಕಡೆ ಆಗಿದ್ರೆ ಈ ಮಾತು ಹೇಳೋಕೇ ಹೆದರ್ಕೊಬೇಕಿತ್ತು. ಆದ್ರೆ ನಮ್ಮ ಸಾರ್ ಎಂಥವರು ಅಂತ ನನಗೆ ಗೊತ್ತು. ಕಾನೂನು ಹೇಳ್ಲಿ ಬಿಡ್ಲಿ, ಹೆಣ್ಣುಮಕ್ಕಳಿಗೆ ಆರು ತಿಂಗಳು ಸಂಬಳದ ಸಮೇತ ರಜಾ ಕೊಟ್ಟು, ವಾಪಸ್ ಬಂದಾಗ ಅದೇ ಕುರ್ಚಿ ಕೊಡೋ ದೊಡ್ಡ ಮನಸ್ಸು ಅವರದ್ದು. ಕೆಲಸ ಖಾಯಂ ಮಾಡೋ ಪತ್ರ ಇವತ್ತೇ, ಪೂಜೆ ದಿನಾನೇ ಅಂತ ಮಾತು ಕೊಟ್ಟಿದ್ರು. ಕೊಟ್ಟ ಮಾತಿಗೆ ತಪ್ಪೋರಲ್ಲ. ಎಲ್ಲರೂ ಒಂದ್ಸಲ ಚಪ್ಪಾಳೆ ಹೊಡೀರಿ.”

ಮಹಡಿ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಕಾಶಿನಾಥ ಇಂಗು ತಿಂದ ಮಂಗನಂತೆ ಸುತ್ತ ನೋಡಿದ. ಬಾಯಿ ತೆರೆದ. ಇವನು ಇಲ್ಲ ಅಂದರೆ ತನ್ನ ಕಥೆ ಮುಗಿಯಿತು ಎಂದುಕೊಂಡಳು ವನಿತಾ. ಆದರೆ ಅವನ ಬಾಯಿಂದ ಮಾತು ಹೊರಬೀಳುವ ಮೊದಲೇ ತಾಜುದ್ದೀನ್ ಸಾಹೇಬರು ಎದ್ದು ಹೋಗಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ಸಾಬ್, ನೀವು ವ್ಯಾಪಾರಸ್ಥ ಅಂದ್ಕೊಂಡಿದ್ದೆ. ನೀವು ದೊಡ್ಡ ಮನುಷ್ಯ. ಅಲ್ಲಾ ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರ್ಲಿ.”

ಜೀಷಾನ್ ಆ ಅಪ್ಪುಗೆಯ ಫೋಟೋ ತೆಗೆದ. ಕಾಶಿನಾಥ ಎರಡು ಸಲ ಕೆಮ್ಮಿ, “ಹೂಂ… ಹೌದು. ಏನೋ, ನಮ್ಮ ಕೈಲಾದ್ದು” ಎಂದ. ಅಲ್ಲೇ, ಕುಂಕುಮ ಹಚ್ಚಿದ ಪ್ರಿಂಟರಿನಿಂದ ಪತ್ರ ಹೊರಬಂತು, ಅವನು ಸಹಿ ಹಾಕಿದ. ವನಿತಾ ಪತ್ರ ಮಡಿಸಿ ಬ್ಯಾಗಿಗೆ ಹಾಕುವಾಗ ಅವನ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಫೋಟೋ ಫೇಸ್‌ಬುಕ್ಕಿಗೆ ಹೋಯಿತು. ಹಬ್ಬದ ರಜೆಯಲ್ಲಿ ಲೈಕುಗಳು ಬಂದವೋ ಬಂದವು. ನೋಡಿದವರೆಲ್ಲಾ ಕಾಶಿನಾಥನಿಗೆ ಫೋನ್ ಮಾಡಿ ಹೊಗಳಿದರಂತೆ. ಮಾತು ಬಿಟ್ಟು ವರ್ಷಗಳಾಗಿದ್ದ ಅವನ ಅಕ್ಕ ಕೂಡ ಮಾಡಿದಳಂತೆ.

ರಜೆ ಮುಗಿದು ಆಫೀಸು ತೆರೆದ ದಿನ ವನಿತಾ ಹೆದರಿಕೊಂಡೇ ಮೆಟ್ಟಿಲು ಹತ್ತಿದಳು. ಕಾಶಿನಾಥ ಆಗಲೇ ಬಂದು ಕೂತಿದ್ದ. ಹತ್ತಿರ ಕರೆದ. ಬಂತು ಗ್ರಹಚಾರ ಎಂದುಕೊಂಡು ಹೋಗಿ ನಿಂತಳು.

“ವನಿತಾ, ನಾನು ಈ ನಿರ್ಧಾರ ತಗೊಳ್ಳೋಕೆ ಮುಂಚೆ ತುಂಬಾ ಯೋಚನೆ ಮಾಡಿದ್ದೆ ಕಣಮ್ಮಾ” ಎಂದ. “ನಮ್ಮ ಅಕ್ಕನೂ ಬಸುರೀಲಿ ಕೆಲಸ ಕಳ್ಕೊಂಡವಳೇ. ನಿನಗೊಬ್ಬಳಿಗೇ ಕೊಟ್ರೆ ಸರಿಯಾಗಲ್ಲ. ಇಲ್ಲಿರೋ ಎಲ್ಲಾ ಹೆಣ್ಣುಮಕ್ಕಳಿಗೂ, ಮುಂದೆ ಬರೋರಿಗೂ ಇದು ರೂಲ್ ಆಗ್ಬೇಕು. ಇವತ್ತೇ ಟೈಪ್ ಮಾಡು, ಸಹಿ ಹಾಕ್ತೀನಿ. ಜಾಹೀರಾತಿನ ಮಾತು ಬೇಡ, ನೇರವಾಗಿ ಬರಿ.”

ವನಿತಾ ಅವನ ಮುಖವನ್ನೇ ನೋಡಿದಳು. ಎಲ್ಲಾದರೂ ಕೊಂಕು ಇದೆಯೇ, ಸೇಡಿನ ನಗು ಇದೆಯೇ ಎಂದು ಹುಡುಕಿದಳು. ಎಂಥದ್ದೂ ಇರಲಿಲ್ಲ. ಆ ಮನುಷ್ಯ ನಿಜವಾಗಿ ನಂಬಿಬಿಟ್ಟಿದ್ದ. ಒಬ್ಬನನ್ನು ಒಳ್ಳೆಯವನು ಎಂದು ನಾಲ್ಕು ಜನರೆದುರು ಕರೆದರೆ ಸಾಕಿತ್ತೇ? ಇಷ್ಟಕ್ಕೆ ತಾನು ಎರಡು ವರ್ಷ ಕಾಯಬೇಕಿತ್ತೇ? ಅವನ ಮೇಲಿನ ಸಿಟ್ಟನ್ನೆಲ್ಲಾ ಎಲ್ಲಿಡುವುದೆಂದು ತಿಳಿಯದೆ ಅವಳು ತನ್ನ ಕುರ್ಚಿಗೆ ಬಂದು ಕೂತಳು. ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಕಣ್ಣಿನಿಂದ ನೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

“ಏನಾಯ್ತೇ?” ಎಂದು ಕಾಶಿನಾಥ ಗಾಬರಿಯಿಂದ ಎದ್ದು ಬಂದ.

ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಗಮ್ಮೆಂದು ಏರಿ ಬರುತ್ತಿತ್ತು.

“ಏನಿಲ್ಲ ಸಾರ್, ವಾಂತಿ ಬರ್ತಾ ಇದೆ” ಎಂದು ಅವಳು ಇಡೀ ಆಫೀಸಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಕಾಶಿನಾಥ ರೇಷ್ಮೆ ಪಂಚೆ ಉಟ್ಟ ದಿನಕ್ಕಿಂತ ಗಂಭೀರವಾಗಿ ಕಸದ ಬುಟ್ಟಿಯನ್ನು ಎತ್ತಿಕೊಂಡು ಓಡಿ ಬಂದು ಅವಳ ಮುಂದೆ ಹಿಡಿದ.